ಕಣ್ಣು ಸಿಕ್ತಾ?

ಹಕ್ಕಿ ಫೋಟೊ ತೆಗೆಯುವ ಇಬ್ಬರು ಕೆರೆ ಏರಿಯ ಮೇಲೆ ಎದುರಾದರೆ ಮೊದಲ ಪ್ರಶ್ನೆ "ಏನ್ ಸಿಕ್ತು?" ಎರಡನೆಯದು "ಕಣ್ಣು ಸಿಕ್ತಾ?" ಹೊರಗಿನವರು ಕೇಳಿಸಿಕೊಂಡರೆ ಗಾಬರಿಯಾದಾರು. ಹಕ್ಕಿ ಕ್ಯಾಮೆರಾ ಕಡೆ ನೋಡಿತಾ, ಕಣ್ಣು ಚೂಪಾಗಿ ಬಂತಾ, ಕಣ್ಣೊಳಗೆ ಬೆಳಕಿನ ಚುಕ್ಕಿ ಇದೆಯಾ ಅಂತ ಅದರ ಅರ್ಥ. ಇಲ್ಲ ಎಂದರೆ ಎದುರಿನವರು "ಛೆ" ಅಂದು ನಮ್ಮ ಹೆಗಲು ಮುಟ್ಟಿ ಮುಂದೆ ಹೋಗುತ್ತಾರೆ. ಸಾವಾದ ಮನೆಗೆ ಮಾತಾಡಿಸಲು ಬಂದವರ ಹಾಗೆ.

ನಾನು ಮೈಸೂರಿನಲ್ಲಿರುವವನು. ಹತ್ತು ಹನ್ನೆರಡು ವರ್ಷಗಳಿಂದ ಭಾನುವಾರ ಬೆಳಗ್ಗೆ ಎಂದರೆ ಹಕ್ಕಿ. ಹೋದರೆ ಏನಿಲ್ಲವೆಂದರೂ ಸಾವಿರ ಫ್ರೇಮ್ ಹೊಡೆದುಕೊಂಡು ಬರುತ್ತೇನೆ. ಸಂಜೆ ಕಾಫಿ ಹಿಡಿದು ಕೂತು ಅಳಿಸುತ್ತೇನೆ. ತೆಗೆಯುವುದಕ್ಕಿಂತ ಅಳಿಸುವುದಕ್ಕೇ ಜಾಸ್ತಿ ಹೊತ್ತು ಬೇಕು. ಅಳಿಸಲು ನನ್ನ ಬಳಿ ಒಂದೇ ಅಳತೆಗೋಲು ಇತ್ತು. ಬೆನ್ನು ತಿರುಗಿಸಿದೆಯಾ, ತೆಗೆ. ಕಣ್ಣು ಮುಚ್ಚಿದೆಯಾ, ತೆಗೆ. ಕಣ್ಣು ಕಾಣುತ್ತಿದೆ, ಆದರೆ ಆ ಕಡೆ ಎಲ್ಲೋ ನೋಡುತ್ತಿದೆಯಾ, ಅದನ್ನೂ ತೆಗೆ. ನಾನು ಹೋಗುತ್ತಿದ್ದ ಬಳಗದ ಹಿರಿಯರೊಬ್ಬರು ಪರದೆಯ ಮೇಲೆ ನಮ್ಮ ಫೋಟೊ ಬಂದ ಎರಡನೇ ಸೆಕೆಂಡಿಗೆ "ಐ ಕಾಂಟ್ಯಾಕ್ಟ್ ಇಲ್ಲ, ನೆಕ್ಸ್ಟ್" ಎನ್ನುತ್ತಿದ್ದರು. ಅವರ ದನಿ ಈಗಲೂ ನನ್ನ ಕಿವಿಯಲ್ಲಿದೆ. ಡಿಲೀಟ್ ಒತ್ತುವ ಬೆರಳಲ್ಲೂ ಇದೆ.

ಕಳೆದ ದೀಪಾವಳಿ ರಜೆಯಲ್ಲಿ ಹಾರ್ಡ್‌ಡಿಸ್ಕ್ ತುಂಬಿತು ಎಂದು ಹಳೆಯ ಫೋಲ್ಡರುಗಳನ್ನು ತೆರೆದು ಕೂತೆ. ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ಆಮೇಲೆ ಅದು ತಲೆಯಿಂದ ಹೋಗಲೇ ಇಲ್ಲ.

ಕೆರೆ ಅಂಗಳದ ಟಿಟ್ಟಿಭ

ನಮ್ಮ ಮನೆಯ ಹಾಲ್‌ನಲ್ಲಿ ಒಂದು ಟಿಟ್ಟಿಭದ ಫೋಟೊ ಇತ್ತು. ಎರಡಡಿ ಅಗಲದ್ದು. ಕೆಂಪು ಕಣ್ಣು, ಕೊಕ್ಕಿನ ಬುಡದಿಂದ ಕಣ್ಣಿನವರೆಗೆ ಕೆಂಪು ತೊಗಲು, ಕಪ್ಪು ಎದೆ. ಹಿಂದೆ ಏನೂ ಇಲ್ಲ, ಬರೀ ಒಣಮಣ್ಣಿನ ಬಣ್ಣ ಕರಗಿ ನಿಂತಿದೆ. ಹಕ್ಕಿ ತಲೆಯನ್ನು ಸ್ವಲ್ಪವೇ ನಮ್ಮ ಕಡೆ ತಿರುಗಿಸಿ ನೇರ ನೋಡುತ್ತಿದೆ. ಬಂದವರೆಲ್ಲ "ನಮ್ಮನ್ನೇ ನೋಡ್ತಾ ಇದೆ ಅಲ್ವಾ?" ಎನ್ನುತ್ತಿದ್ದರು. ನಾನು ಉಬ್ಬುತ್ತಿದ್ದೆ. ಪುಸ್ತಕದಲ್ಲಿ ಹೇಳಿದ ಎಲ್ಲ ನಿಯಮವೂ ಅದರಲ್ಲಿದ್ದವು. ಹಕ್ಕಿಯ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಳಿದಿತ್ತು. ಹಕ್ಕಿ ನಡುವಿನಲ್ಲಿರದೆ, ಫ್ರೇಮನ್ನು ಮೂರು ಸಮ ಪಾಲು ಮಾಡಿದರೆ ಬರುವ ಮೂರನೇ ಒಂದು ಭಾಗದ ಗೆರೆಯ ಮೇಲಿತ್ತು. ನೋಟದ ಮುಂದೆ ಜಾಗ ಬಿಟ್ಟಿತ್ತು. ಕಾಲು ಕತ್ತರಿಸಿರಲಿಲ್ಲ, ಬಾಲ ಕತ್ತರಿಸಿರಲಿಲ್ಲ.

ಅದನ್ನು ತೆಗೆದದ್ದು ತಿಪಟೂರು ಕಡೆ, ಅಮ್ಮನ ತವರಿನ ಕೆರೆ ಅಂಗಳದಲ್ಲಿ. ಏಪ್ರಿಲ್ ತಿಂಗಳು. ಕೆರೆ ಬತ್ತಿ ನಡುವೆ ಒಂದು ಗುಂಡಿಯಷ್ಟು ನೀರು ಉಳಿದಿತ್ತು. ಹಳೇ ಪ್ಯಾಂಟು ಹಾಕಿಕೊಂಡು, ಮೊಣಕೈಯೂರಿ, ತೆವಳಿಕೊಂಡು ಹೋಗಿದ್ದೆ. ಹಕ್ಕಿ ಕಿರುಚುತ್ತಲೇ ಇತ್ತು. ಎದ್ದು ಹಾರಿ, ತಲೆಯ ಮೇಲೆ ಸುತ್ತಿ, ಮತ್ತೆ ಬಂದು ಇಳಿಯಿತು. ಇಳಿದಾಗಲೆಲ್ಲ ನನ್ನ ಕಡೆ ನೋಡುತ್ತಿತ್ತು. ನನಗೆ ಹಬ್ಬ. ಕಾಡಿನ ಹಕ್ಕಿ ಹೀಗೆ ಮುಖ ಕೊಡುವುದುಂಟೇ? ಅಷ್ಟರಲ್ಲಿ ಕುರಿ ಹೊಡೆದುಕೊಂಡು ಬಂದ ಒಬ್ಬ ಯಜಮಾನರು ಕೋಲೂರಿ ನಿಂತು ಸ್ವಲ್ಪ ಹೊತ್ತು ನೋಡಿದರು. "ಅದೇನ್ ಸ್ವಾಮಿ, ಬೈಸ್ಕೊಂತಾ ಮಲಗಿದೀರಾ?" ಅಂದರು. ನಾನು ನಕ್ಕೆ. ಅವರೂ ನಕ್ಕು ಹೋದರು. ಇದನ್ನು ಒಳ್ಳೆಯ ಜೋಕ್ ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ.

ದೀಪಾವಳಿ ರಜೆಯಲ್ಲಿ ನಾನು ಆ ಫೋಲ್ಡರನ್ನು ಸಾಲಾಗಿ, ಹೊತ್ತಿನ ಪ್ರಕಾರ ನೋಡಿದೆ. ಹಿಂದೆ ಯಾವತ್ತೂ ಹಾಗೆ ನೋಡಿರಲಿಲ್ಲ. ಒಳ್ಳೆಯದನ್ನು ಆರಿಸಿಕೊಂಡು ಉಳಿದದ್ದನ್ನು ಬಿಟ್ಟಿದ್ದೆ. ಮೊದಲ ಫ್ರೇಮಿನಲ್ಲಿ ಹಕ್ಕಿ ದೂರದಲ್ಲಿದೆ, ಕಾಲು ಮಡಚಿ ನೆಲದ ಮೇಲೆ ಕೂತಿದೆ. ಹೊತ್ತು 11 ಗಂಟೆ 12 ನಿಮಿಷ. ಮುಂದಿನದರಲ್ಲಿ ಎದ್ದು ನಿಂತಿದೆ. ಕೊನೆಯ ಫ್ರೇಮ್ 11 ಗಂಟೆ 51 ನಿಮಿಷ. ನಡುವಿನ ಫ್ರೇಮೊಂದರಲ್ಲಿ, ಹಕ್ಕಿಯಿಂದ ಮೂರು ಮಾರು ಹಿಂದೆ, ಮಸುಕಾಗಿ, ಕಲ್ಲಿನ ಹರಳುಗಳ ಮಧ್ಯೆ ಹರಳಲ್ಲದ ನಾಲ್ಕು ಗುಂಡನೆಯವು ಕಂಡವು. ಮೊಟ್ಟೆಗಳು.

ಟಿಟ್ಟಿಭ ಗೂಡು ಕಟ್ಟುವುದಿಲ್ಲ. ನೆಲವನ್ನು ಒಂದಿಷ್ಟು ಕೆದಕಿ, ಬಯಲಲ್ಲೇ ಮೊಟ್ಟೆ ಇಡುತ್ತದೆ. ಬೇಸಿಗೆಯ ಮಧ್ಯಾಹ್ನ ಅದು ಮೊಟ್ಟೆಯ ಮೇಲೆ ಕೂರುವುದು ಬಿಸಿ ಕೊಡಲಿಕ್ಕಲ್ಲ, ನೆರಳು ಕೊಡಲಿಕ್ಕೆ. ಬಿಸಿಲು ಜಾಸ್ತಿಯಾದರೆ ನೀರಿಗೆ ಹೋಗಿ ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಬಂದು ಆ ಒದ್ದೆಯಿಂದ ಮೊಟ್ಟೆ ತಂಪು ಮಾಡುತ್ತದೆ. ಇದೆಲ್ಲ ನನಗೆ ಆಗಲೂ ಗೊತ್ತಿತ್ತು. ಓದಿದ್ದೆ. ಆದರೆ ಆ ದಿನ ನನ್ನ ಕಣ್ಣು ಅದರ ಕಣ್ಣಿನ ಮೇಲಿತ್ತು. ಮೂವತ್ತೊಂಬತ್ತು ನಿಮಿಷ, ಏಪ್ರಿಲ್ ಬಿಸಿಲಿನಲ್ಲಿ, ನಾಲ್ಕು ಮೊಟ್ಟೆಗಳು ನೆರಳಿಲ್ಲದೆ ಬಿದ್ದಿದ್ದವು. ಯಜಮಾನರು ಹೇಳಿದ್ದು ಜೋಕಾಗಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು.

ಮೊಟ್ಟೆ ಒಡೆದು ಮರಿಯಾಯಿತಾ? ಮಾರನೆಯ ದಿನವೂ ನಾನು ಊರಲ್ಲೇ ಇದ್ದೆ. ಆ ಕಡೆ ಹೋಗಲಿಲ್ಲ, ಬೇಕಾದ ಫೋಟೊ ಸಿಕ್ಕಿಯಾಗಿತ್ತಲ್ಲ.

ನಿಯಮಕ್ಕೂ ಕಾರಣ ಇದೆ

ಕಣ್ಣಿನ ನಿಯಮ ಸುಮ್ನೆ ಹುಟ್ಟಿದ್ದಲ್ಲ. ಅದನ್ನು ಬೈದು ಹಗುರಾಗುವ ಆಸೆ ನನಗಿಲ್ಲ. ದೊಡ್ಡ ಲೆನ್ಸಿನ ಲೆಕ್ಕವೇ ಹಾಗಿದೆ. 600 ಎಂಎಂ ಲೆನ್ಸು, ಬೆಳಕು ಬಿಡುವ ಕಿಂಡಿ ಎಫ್ 6.3, ಇಪ್ಪತ್ತು ಅಡಿ ದೂರದಲ್ಲಿ ಹಕ್ಕಿ ಎಂದುಕೊಳ್ಳಿ. ಫೋಕಸ್ ಸರಿಯಾಗಿ ಕೂರುವ ಆಳ ಹೆಚ್ಚು ಕಡಿಮೆ 4 ಸೆಂಟಿಮೀಟರ್. ಬಣ್ಣದ ಕೊಕ್ಕರೆಯದು ಗೇಣುದ್ದದ ಕೊಕ್ಕು. ಅದು ನಮ್ಮ ಕಡೆ ಮುಖ ಮಾಡಿ ನಿಂತರೆ ಕೊಕ್ಕಿನ ತುದಿ, ಕಣ್ಣು ಎರಡೂ ಚೂಪಾಗಿ ಬರುವುದು ಸಾಧ್ಯವೇ ಇಲ್ಲ. ಒಂದನ್ನು ಬಿಡಬೇಕು. ಮನುಷ್ಯ ಯಾವ ಮುಖ ಕಂಡರೂ ಮೊದಲು ಕಣ್ಣು ಹುಡುಕುತ್ತಾನೆ. ಹಾಗಾಗಿ ಕಣ್ಣನ್ನು ಉಳಿಸಿಕೊಂಡೆವು. ಅಷ್ಟೇ ವಿಷಯ. ಉಳಿದ ಮೈ ಮಸುಕಾದರೂ ಫೋಟೊ ನಿಲ್ಲುತ್ತದೆ, ಕಣ್ಣು ಮಸುಕಾದರೆ ಬೀಳುತ್ತದೆ.

ಕಣ್ಣೊಳಗಿನ ಬೆಳಕಿನ ಚುಕ್ಕಿಯೂ ಹಾಗೆಯೇ. ಕಾಜಾಣದ ಕಣ್ಣು ಗಾಢ ಕೆಂಪು, ಮುಖ ಕಡುಗಪ್ಪು. ಬಿಸಿಲು ಸರಿಯಾದ ಕಡೆಯಿಂದ ಬೀಳದಿದ್ದರೆ ಕಾಜಾಣ ಒಂದು ಕಪ್ಪು ಕಾಗದದ ತುಂಡು. ರಂಗನತಿಟ್ಟಿನ ರಿವರ್ ಟರ್ನ್ ಹಕ್ಕಿ ಇನ್ನೂ ಕಷ್ಟದ್ದು. ಬೂದುಬಣ್ಣದ ಮೈ, ಹಳದಿ ಕೊಕ್ಕು, ಕೆಂಪು ಕಾಲು, ಎಲ್ಲ ಚೆಂದ. ಆದರೆ ಮರಿ ಮಾಡುವ ಕಾಲದಲ್ಲಿ ತಲೆಗೆ ಕಪ್ಪು ಟೋಪಿ ಇಟ್ಟ ಹಾಗಿರುತ್ತದೆ, ಕಪ್ಪು ಕಣ್ಣು ಆ ಟೋಪಿಯೊಳಗೇ ಹುದುಗಿಬಿಡುತ್ತದೆ. ಆ ಚುಕ್ಕಿ ಬಿದ್ದರೆ ಮಾತ್ರ ಇಲ್ಲಿ ಒಂದು ಕಣ್ಣಿದೆ ಎಂದು ಗೊತ್ತಾಗುವುದು. ನೋಡಿದವರಿಗೆ ಜೀವ ಬಂದ ಹಾಗೆ ಅನ್ನಿಸುತ್ತದೆ. ನಮ್ಮಲ್ಲಿ ಶಿಲ್ಪಿ ಮೂರ್ತಿಗೆ ಕಣ್ಣು ಬಿಡಿಸುವುದು ಕೊನೆಗಲ್ಲವೇ? ಅಲ್ಲಿಯವರೆಗೆ ಅದು ಕಲ್ಲು.

ಇನ್ನು ಮೂರನೇ ಒಂದು ಭಾಗದ ನಿಯಮ. ಅದನ್ನು ಆ ಹೆಸರಿನಲ್ಲಿ ಬರೆದಿಟ್ಟವನು ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್, 1797ರಲ್ಲಿ. ಹಳ್ಳಿಗಾಡಿನ ಚಿತ್ರ ಬರೆಯುವವರಿಗೆ ನೆಲ ಎಷ್ಟಿರಬೇಕು, ಆಕಾಶ ಎಷ್ಟಿರಬೇಕು ಎಂದು ಹೇಳುವಾಗ ಬಂದ ಮಾತು ಅದು. ಆಗಿನ್ನೂ ಕ್ಯಾಮೆರಾವೇ ಹುಟ್ಟಿರಲಿಲ್ಲ. ಗದ್ದೆ, ಗುಡಿಸಲು, ಮೋಡಕ್ಕೆ ಮಾಡಿದ ಲೆಕ್ಕವನ್ನು ನಾವು ಮಿಂಚುಳ್ಳಿಗೆ ಹಾಕುತ್ತಿದ್ದೇವೆ. ಹಾಕಬಾರದು ಅಂತಲ್ಲ. ಬಹಳ ಸಲ ಚೆನ್ನಾಗಿಯೇ ಕೂರುತ್ತದೆ. ಆದರೆ ಅದು ವೇದವಾಕ್ಯ ಎಂಬಂತೆ ಮಾತಾಡುವವರನ್ನು ಕಂಡರೆ ನನಗೆ ಸ್ವಲ್ಪ ನಗು ಬರುತ್ತದೆ.

ಕೋಳಿ ಗಿಡುಗನನ್ನು ನೋಡುವ ಹಾಗೆ

ನನಗೆ ನಿಜವಾಗಿ ತೊಡಕಾಗಿರುವುದು ಬೇರೆ. ಕಣ್ಣು ಸಿಕ್ಕಿತು ಎಂದು ನಾವು ಹೇಳುವಾಗ ಆ ಕಡೆ ಏನು ನಡೆದಿರುತ್ತದೆ?

ಊರಲ್ಲಿ ಬೆಳೆದವರು ಇದನ್ನು ನೋಡಿರುತ್ತೀರಿ. ಅಂಗಳದಲ್ಲಿ ಮೇಯುವ ಕೋಳಿಗೆ ಮೇಲೆ ಗಿಡುಗ ಹಾರಿದ್ದು ಗೊತ್ತಾದರೆ ಅದು ನಮ್ಮ ಹಾಗೆ ಮುಖ ಎತ್ತುವುದಿಲ್ಲ. ತಲೆಯನ್ನು ಪಕ್ಕಕ್ಕೆ ವಾಲಿಸಿ, ಒಂದೇ ಕಣ್ಣನ್ನು ಆಕಾಶಕ್ಕೆ ಕೊಡುತ್ತದೆ. ಬಹುಪಾಲು ಹಕ್ಕಿಗಳಿಗೆ ಕಣ್ಣಿರುವುದು ತಲೆಯ ಎರಡು ಪಕ್ಕದಲ್ಲಿ. ಏನನ್ನಾದರೂ ಗಮನವಿಟ್ಟು ನೋಡಬೇಕೆಂದರೆ ಅವು ಹೆಚ್ಚಾಗಿ ಒಂದು ಕಣ್ಣನ್ನೇ ಅದಕ್ಕೆ ಒಡ್ಡುತ್ತವೆ. ಅಂದರೆ ಪಕ್ಕಕ್ಕೆ ಮುಖ ಮಾಡಿ ನಿಂತ ಹಕ್ಕಿ, "ಎಲ್ಲೋ ನೋಡ್ತಾ ಇದೆ" ಎಂದು ನಾವು ಅಳಿಸುವ ಹಕ್ಕಿ, ಆ ಹೊತ್ತಿನಲ್ಲಿ ನಮ್ಮನ್ನೇ ದಿಟ್ಟಿಸುತ್ತಿರಬಹುದು. ಕೊಕ್ಕು ಯಾವ ಕಡೆಗೋ ನೋಟವೂ ಆ ಕಡೆಗೇ ಎಂಬುದು ನಮ್ಮ ಲೆಕ್ಕ, ಯಾಕೆಂದರೆ ನಮ್ಮ ಮೂಗು ಮತ್ತು ಕಣ್ಣು ಒಂದೇ ಕಡೆ ಇವೆ. ಪಾರಿವಾಳಕ್ಕೆ ತಲೆಯ ಹಿಂದಿನ ಒಂದು ಸಣ್ಣ ಸಂದು ಬಿಟ್ಟರೆ ಸುತ್ತಲೂ ಕಾಣುತ್ತದೆ. ಅದರ "ನೋಟದ ಮುಂದೆ" ಜಾಗ ಬಿಡಬೇಕು ಎಂದರೆ ಎಲ್ಲಿ ಬಿಡುವುದು ಹೇಳಿ?

ಗೂಬೆಗಳ ಕಥೆ ಬೇರೆ. ಎರಡೂ ಕಣ್ಣು ಮುಂದಿವೆ, ಅವು ಗುಳಿಯಲ್ಲಿ ಹೊರಳುವುದೂ ಇಲ್ಲ. ನೋಡಬೇಕೆಂದರೆ ತಲೆಯನ್ನೇ ತಿರುಗಿಸಬೇಕು. ಅದಕ್ಕೇ ಹಾಲಕ್ಕಿ ನಮ್ಮನ್ನು ನೋಡಿದರೆ ನೋಡಿದ ಹಾಗೇ ಕಾಣುತ್ತದೆ, ಸಿಟ್ಟಿಗೆದ್ದ ಅಜ್ಜಿಯ ಹಾಗೆ. ಎಲ್ಲಾದರೂ ಒಂದು ಪೊಟರೆಯಲ್ಲಿ ಹಾಲಕ್ಕಿ ಇದೆ ಎಂದು ಸುದ್ದಿಯಾದರೆ ಮರುದಿನ ಹತ್ತು ಟ್ರೈಪಾಡು ನಿಲ್ಲುವುದು ಇದಕ್ಕೇ ಅಂತ ನನ್ನ ಗುಮಾನಿ. ಅದಕ್ಕೆ ನಮ್ಮಂಥ ಮುಖವಿದೆ. ಹಗಲು ತೂಕಡಿಸಬೇಕಾದ ಹಕ್ಕಿ ಅಷ್ಟು ದೊಡ್ಡದಾಗಿ ಕಣ್ಣು ಬಿಟ್ಟಿದೆ ಎಂದರೆ ಎಬ್ಬಿಸಿದವರು ಯಾರು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಪಶ್ಚಿಮಘಟ್ಟದ ಕಡೆ ಮರೆಯಲ್ಲಿ ಕೂತು ತೆಗೆಯುವ ಜಾಗಗಳು ಈಗ ಬೇಕಾದಷ್ಟಿವೆ. ಬಲೆಯ ಪರದೆ, ಮುಂದೆ ನೀರಿನ ತೊಟ್ಟಿ, ಪಾಚಿ ಸುತ್ತಿದ ಒಂದು ಕೊಂಬೆ. ಅಲ್ಲಿ ಹಕ್ಕಿಗೆ ನಾವು ಕಾಣುವುದಿಲ್ಲ, ಅದರ ಪಾಡಿಗೆ ಅದಿರುತ್ತದೆ. ನನಗೆ ಅದು ಹಿಡಿಸುತ್ತದೆ. ತಮಾಷೆ ಏನೆಂದರೆ, ಅಲ್ಲೂ ನಾವು ಕಾಯುವುದು ಕಣ್ಣಿಗೇ. ಹಕ್ಕಿ ಲೆನ್ಸಿನ ಕಡೆ ತಿರುಗಿತು ಎಂದರೆ ಅದು ನೋಡಿದ್ದು ಒಂದು ಎಲೆಯನ್ನೋ, ಶಟರ್ ಸದ್ದು ಬಂದ ಕಡೆಯನ್ನೋ. ಆದರೂ ಆ ಫೋಟೊದ ಕೆಳಗೆ "ಆತ್ಮಕ್ಕೆ ಆತ್ಮ ಮಾತಾಡಿದ ಕ್ಷಣ" ಅಂತ ಬರೆಯುತ್ತೇವೆ. ಗಣೇಶಗುಡಿಯಲ್ಲಿ ಒಮ್ಮೆ ಕಿತ್ತಳೆ ತಲೆಯ ಥ್ರಷ್ ಒಂದು ತೊಟ್ಟಿಗಿಳಿದು ಹತ್ತು ನಿಮಿಷ ಸ್ನಾನ ಮಾಡಿತು. ರೆಕ್ಕೆ ಬಡಿದು, ಬಾಲ ಅದ್ದಿ, ನೀರೆಲ್ಲ ಚೆಲ್ಲಾಡಿ. ಹಕ್ಕಿಗಳಿಗೆ ಮೂರನೆಯ ರೆಪ್ಪೆ ಒಂದಿದೆ, ತೆಳ್ಳಗೆ ಪೊರೆಯ ಹಾಗೆ ಅಡ್ಡಕ್ಕೆ ಸರಿಯುತ್ತದೆ. ನೀರು ಸಿಡಿದಾಗಲೆಲ್ಲ ಅದು ಮುಚ್ಚಿ ಕಣ್ಣು ಹಾಲಿನ ಬಣ್ಣಕ್ಕೆ ತಿರುಗುತ್ತಿತ್ತು. ಆ ಸ್ನಾನದ ಅರ್ಧಕ್ಕಿಂತ ಜಾಸ್ತಿ ಫ್ರೇಮುಗಳನ್ನು ನಾನು ಸಂಜೆಗೇ ಅಳಿಸಿದೆ. ಉಳಿದವುಗಳಲ್ಲಿ ಹಕ್ಕಿ ತೊಟ್ಟಿಯ ಅಂಚಿನಲ್ಲಿ ನೆಟ್ಟಗೆ ನಿಂತಿದೆ. ಕಣ್ಣು ಫಳಫಳ. ಸ್ನಾನ ಮಾತ್ರ ಎಲ್ಲೂ ಇಲ್ಲ.

ಪೆಟ್ಟಿಗೆಗೂ ಕಣ್ಣೇ ಬೇಕು

ಈಗ ಈ ಕೆಲಸ ಕ್ಯಾಮೆರಾವೇ ಮಾಡುತ್ತದೆ. 2020ರಲ್ಲಿ ಕ್ಯಾನನ್ ಆರ್5 ಬಂತು, 2021ರಲ್ಲಿ ಸೋನಿ ಎ1. ಹಕ್ಕಿಯ ಕಣ್ಣನ್ನು ತಾನೇ ಹುಡುಕಿ, ಅದರ ಮೇಲೆ ಒಂದು ಚೌಕ ಕೂರಿಸಿ, ಹಾರಿದರೂ ಬಿಡದೆ ಹಿಂಬಾಲಿಸುತ್ತದೆ. ನನ್ನದೂ ಈಗ ಅಂಥದ್ದೇ, ಇಎಂಐ ಇನ್ನೂ ನಡೆಯುತ್ತಿದೆ. ಮೊದಮೊದಲು ಅದು ಮರದ ಗಂಟನ್ನೂ ಕಣ್ಣು ಎಂದು ಹಿಡಿದಾಗ ಮನೆಮಂದಿಯೆಲ್ಲ ನಕ್ಕಿದ್ದೆವು.

ಬೆಂಗಳೂರಿನ ಹಳೆಯ ವನ್ಯಜೀವಿ ಛಾಯಾಗ್ರಾಹಕರಾದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರ ಕಾಲಕ್ಕೆ 36 ಫ್ರೇಮಿನ ರೋಲು, ಕೈಯಲ್ಲಿ ತಿರುಗಿಸುವ ಫೋಕಸ್ಸು. ಆಗ ಕಣ್ಣು ಚೂಪಾಗಿ ಬಂದಿದೆ ಎಂದರೆ ಆ ಮನುಷ್ಯ ಗಂಟೆಗಟ್ಟಲೆ ಕಾದಿದ್ದಾನೆ ಎಂದು ಅರ್ಥ. ಫೋಟೊ ಸ್ಪರ್ಧೆಗಳ ತೀರ್ಪುಗಾರರು ಕಣ್ಣು ಕೇಳಿದ್ದು ಬಹುಶಃ ಆ ಕಾಯುವಿಕೆಗೆ ಸಾಕ್ಷಿ ಅಂತ. ಹಾಗೆಂದು ಹಳೆಯ ಕಾಲವೆಲ್ಲ ಚಿನ್ನ ಎನ್ನಲೂ ಆಗುವುದಿಲ್ಲ. ಲೆನ್ಸುಗಳು ಇಷ್ಟು ಉದ್ದ ಇರದಿದ್ದಾಗ ಗೂಡಿನ ಪಕ್ಕದಲ್ಲಿ ಮರೆ ಕಟ್ಟಿ ಕೂರುವುದೇ ಎಲ್ಲ ಕಡೆಯೂ ರೂಢಿಯಾಗಿತ್ತು. ಈಗ ಗೂಡಿನ ಫೋಟೊವನ್ನು ಎಷ್ಟೋ ಸ್ಪರ್ಧೆಗಳು ತೆಗೆದುಕೊಳ್ಳುವುದಿಲ್ಲ. ನೇಚರ್ ವಿಭಾಗದಲ್ಲಿ ಒಂದು ಕಡ್ಡಿಯನ್ನು ಅಳಿಸಿದರೂ ಫೋಟೊ ಹೊರಗೆ, ಏನನ್ನಾದರೂ ತೆಗೆಯಬೇಕಿದ್ದರೆ ಅಂಚು ಕತ್ತರಿಸಿ, ಅಂದರೆ ಕ್ರಾಪ್ ಮಾಡಿ ಮಾತ್ರ ತೆಗೆಯಬಹುದು. ಇದು ಒಳ್ಳೆಯದೇ. ಆದರೆ ನನ್ನ ಟಿಟ್ಟಿಭ ಈ ಎಲ್ಲ ನಿಯಮದಲ್ಲೂ ಪಾಸಾಗುತ್ತದೆ ನೋಡಿ. ನಾನು ಏನನ್ನೂ ಅಳಿಸಿರಲಿಲ್ಲ. ಮೊಟ್ಟೆ ಫ್ರೇಮಿನ ಆಚೆ ಇದ್ದವು ಅಷ್ಟೆ.

ಟರ್ನ್ ಮತ್ತು ಮೀನು

ಇನ್ನೊಂದು ಹೇಳದಿದ್ದರೆ ಇದು ಪೂರ್ತಿಯಾಗುವುದಿಲ್ಲ. ರಂಗನತಿಟ್ಟು, ಫೆಬ್ರವರಿ. ಕಾವೇರಿಯಲ್ಲಿ ನೀರಿಳಿದು ಬಂಡೆಗಳು ಮೇಲೆದ್ದಿದ್ದವು. 1940ರಲ್ಲಿ ಪಕ್ಷಿತಜ್ಞ ಸಾಲಿಂ ಅಲಿಯವರ ಒತ್ತಾಸೆಯಿಂದ ಮೈಸೂರು ಸಂಸ್ಥಾನ ಇದನ್ನು ಪಕ್ಷಿಧಾಮ ಮಾಡಿತು. ಅಂದಿನಿಂದ ಇಂದಿನವರೆಗೆ ಎಷ್ಟು ಮಂದಿ ದೋಣಿಯಲ್ಲಿ ಇದೇ ಬಂಡೆಗಳ ಸುತ್ತ ಸುತ್ತಿರಬಹುದು, ಅಲ್ಲಿನ ಹಕ್ಕಿಗಳಿಗೆ ಮನುಷ್ಯರು ಮೊಸಳೆಗಿಂತ ಹಳಬರಾಗಿಬಿಟ್ಟಿದ್ದಾರೆ. ದೋಣಿಯವರಿಗೂ ನಮ್ಮ ಭಾಷೆ ಬರುತ್ತದೆ. "ಲೈಟ್ ಹಿಂದಿಂದ ಬರ್ತದೆ ಸಾರ್, ಆ ಕಡೆ ಸುತ್ತಾಕ್ಕೊಂಡ್ ಹೋಗ್ತೀನಿ" ಎಂದು ಅವರೇ ಹೇಳುತ್ತಾರೆ.

ಒಂದು ಬಂಡೆಯ ಮೇಲೆ ಟರ್ನ್ ಒಂದು ನಮಗೆ ಬೆನ್ನು ಮಾಡಿ ಕೂತಿತ್ತು. ಆ ಕಡೆಯಿಂದ ಗಂಡು ಹಾರಿ ಬಂದು ಇಳಿಯಿತು. ಕೊಕ್ಕಿನಲ್ಲಿ ಬೆಳ್ಳಿ ಮೀನು. ಜೋಡಿಯಾಗುವ ಕಾಲದಲ್ಲಿ ಗಂಡು ಹೀಗೆ ಮೀನು ತಂದು ಹೆಣ್ಣಿಗೆ ಕೊಡುತ್ತದೆ. ಗಂಡು ಎದೆ ಎತ್ತಿ ನಿಂತಿತು. ಹೆಣ್ಣು ಕತ್ತು ಚಾಚಿತು. ನನಗೆ ಕಾಣುತ್ತಿದ್ದದ್ದು ಹೆಣ್ಣಿನ ಬೆನ್ನು, ಕಪ್ಪು ಟೋಪಿಯ ಹಿಂಭಾಗ. ಗಂಡಿನ ಮುಖವೂ ಅರ್ಧ ಮರೆ. ಕಣ್ಣಿಲ್ಲ. ದೋಣಿ ಮೆಲ್ಲಗೆ ತೇಲುತ್ತಿತ್ತು, ಇನ್ನೆರಡು ಸೆಕೆಂಡಿಗೆ ಬಂಡೆಯ ಮೂಲೆ ಅಡ್ಡ ಬರುತ್ತಿತ್ತು. ನಾನು ನಾಲಿಗೆಯಲ್ಲಿ "ಟಕ್ ಟಕ್" ಅಂದೆ.

ಎರಡೂ ತಿರುಗಿದವು. ಹಾಗೆ ಅಂದದ್ದು ನಾನೇ ಎಂದು ನನಗೆ ಗೊತ್ತಾಗುವ ಮೊದಲೇ ಬೆರಳು ಒತ್ತಿತ್ತು. ಇಪ್ಪತ್ತು ಫ್ರೇಮ್. ಎರಡೂ ಹಕ್ಕಿಗಳ ಎರಡೂ ಕಣ್ಣಲ್ಲಿ ಚುಕ್ಕಿ. ಆಮೇಲೆ ಗಂಡು ಮೀನು ಕಚ್ಚಿಕೊಂಡೇ ಹಾರಿ ಸೇತುವೆಯ ಕಡೆ ಹೋಯಿತು. ಹೆಣ್ಣು ಸ್ವಲ್ಪ ಹೊತ್ತು ಹಾಗೇ ಕತ್ತೆತ್ತಿಕೊಂಡು ಕೂತಿತ್ತು. ದೋಣಿಯವರು ಏನೂ ಹೇಳಲಿಲ್ಲ. ಹುಟ್ಟು ಎತ್ತಿ ದೋಣಿ ತಿರುಗಿಸಿದರು.

ಆ ಇಪ್ಪತ್ತರಲ್ಲಿ ಒಂದನ್ನು ಬಳಗದಲ್ಲಿ ತೋರಿಸಿದೆ. ಚಪ್ಪಾಳೆ ಸಿಕ್ಕಿತು. "ವಾಟ್ ಎ ಮೊಮೆಂಟ್" ಅಂದರು ಅದೇ ಹಿರಿಯರು. ಆದರೆ ಅದು ಯಾವುದರ ಮೊಮೆಂಟು? ಮೀನು ಕೊಡುವುದು ತಪ್ಪಿಹೋದದ್ದರದ್ದು. ಹಾಗಂತ ಯಾರಿಗೂ ಕಾಣುವುದಿಲ್ಲ, ಯಾಕೆಂದರೆ ಫೋಟೊದಲ್ಲಿ ಎರಡೂ ಹಕ್ಕಿಗಳು ನಮ್ಮ ಕಡೆ ನೋಡುತ್ತಿವೆ, ಕರೆದಾಗ ತಿರುಗಿ ನೋಡುವ ಮದುವೆ ಮನೆಯ ಗಂಡುಹೆಣ್ಣಿನ ಹಾಗೆ. ಹಕ್ಕಿಗಳು ನಮಗೆ ಪೋಸು ಕೊಟ್ಟಿಲ್ಲ. ಒಂದು ಸದ್ದು ಕೇಳಿ, ಇದು ಅಪಾಯವೇ ಅಂತ ಅಳೆಯುತ್ತಿವೆ. ನಾನು ಮೆಚ್ಚಿ ಗೋಡೆಗೆ ಹಾಕಿಕೊಂಡ ಫೋಟೊಗಳಲ್ಲಿ ಎಷ್ಟು ಹಕ್ಕಿಗಳು ನಿಜಕ್ಕೂ ಹೀಗೆ ಅಳೆಯುತ್ತಿವೆ ಎಂದು ಎಣಿಸಲು ಶುರು ಮಾಡಿ ಹನ್ನೊಂದಕ್ಕೆ ನಿಲ್ಲಿಸಿದೆ.

ನಾಲಿಗೆ ಸದ್ದು ಮಾಡುವುದಕ್ಕೆ ಮುಂಚಿನ ಒಂದೇ ಒಂದು ಫ್ರೇಮ್ ಉಳಿದಿತ್ತು. ಕಣ್ತಪ್ಪಿ ಉಳಿದದ್ದು. ಹೆಣ್ಣಿನ ಬೆನ್ನು, ಚಾಚಿದ ಕತ್ತು, ಅದರ ಆಚೆ ಹಳದಿ ಕೊಕ್ಕಿನ ತುದಿಯಲ್ಲಿ ಮೀನಿನ ಬಾಲ. ಕಣ್ಣು ಒಂದೂ ಇಲ್ಲ. ಹಕ್ಕಿಗಳು ಫ್ರೇಮಿನ ಸರೀ ಮಧ್ಯದಲ್ಲಿವೆ, ಅದೂ ತಪ್ಪು. ಎಡಗಡೆ ಬಂಡೆ ಮಸುಕಾಗಿ ಒಳಗೆ ನುಗ್ಗಿದೆ. ಆದರೆ ನೋಡಿದಷ್ಟೂ ನನಗೆ ಅಲ್ಲಿ ನಾನಿಲ್ಲ ಅನ್ನಿಸುತ್ತದೆ. ಅವೆರಡೇ ಇವೆ.

ಎಲ್ಲವನ್ನೂ ಬಿಟ್ಟು ಸನ್ಯಾಸಿಯಾದೆ ಎಂದುಕೊಳ್ಳಬೇಡಿ. ಕಳೆದ ವಾರ ಬಾಲ ಕುಣಿಸುತ್ತಿದ್ದ ಮಡಿವಾಳ ಹಕ್ಕಿಯೊಂದು ಬೇಲಿಯ ಮೇಲಿಂದ ತಿರುಗಿ ನೋಡಿದಾಗ ನನ್ನ ಎದೆ ಹಾರಿದ್ದು ನಿಜ. ಒತ್ತಿದ್ದೂ ನಿಜ. ಮರಿ ಮಾಡುವ ಕಾಲದಲ್ಲಿ ಕೆರೆ ಅಂಗಳಕ್ಕೆ ಇಳಿಯುವುದನ್ನು ನಿಲ್ಲಿಸಿದ್ದೇನೆ. ಟಿಟ್ಟಿಭ ಕೂಗಿದರೆ ವಾಪಸ್ ತಿರುಗುತ್ತೇನೆ. ಅಳಿಸುವುದನ್ನು ಮಾತ್ರ ಸಂಜೆಗೇ ಮಾಡದೆ ಒಂದು ತಿಂಗಳು ಬಿಟ್ಟು ಮಾಡುತ್ತಿದ್ದೇನೆ. ಇದರಿಂದ ಹಾರ್ಡ್‌ಡಿಸ್ಕ್ ಇನ್ನೂ ಬೇಗ ತುಂಬುತ್ತಿದೆ. ಮನೆಯಲ್ಲಿ ಇದರ ಬಗ್ಗೆ ಒಂದು ಸಣ್ಣ ಜಗಳವೂ ಆಯಿತು.

ಹಾಲ್‌ನಿಂದ ಟಿಟ್ಟಿಭವನ್ನು ಇಳಿಸಿದೆ. ಗೋಡೆಯಲ್ಲಿ ಅದರ ಅಳತೆಯ ಬಿಳಿ ಚೌಕವೊಂದು ಉಳಿಯಿತು. "ಏನಾದ್ರೂ ಹಾಕ್ರೀ, ನೋಡಕ್ಕಾಗಲ್ಲ" ಅಂದಳು ಹೆಂಡತಿ. ಟರ್ನಿನ ಆ ಬೆನ್ನಿನ ಫ್ರೇಮನ್ನು ಅದೇ ಅಳತೆಗೆ ಪ್ರಿಂಟ್ ಹಾಕಿಸಿ ಕಟ್ಟು ಹಾಕುವ ಅಂಗಡಿಗೆ ಕೊಂಡೊಯ್ದೆ. ಅಂಗಡಿಯ ಹುಡುಗ ಅದನ್ನು ಎತ್ತಿ, ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿದ.

"ಸಾರ್, ಇದು ಆ ಕಡೆ ತಿರುಗಿಬಿಟ್ಟಿದೆಯಲ್ಲ. ಮುಖ ಕಾಣೋದು ಬೇರೆ ಇಲ್ವಾ?"

"ಇದೆ," ಅಂದೆ. "ಇದೇ ಇರಲಿ."

ಅವನು ಹೆಗಲು ಹಾರಿಸಿ, ಟೇಪು ಹಿಡಿದು ಅಳತೆ ತೆಗೆದುಕೊಳ್ಳಲು ಶುರು ಮಾಡಿದ.